ನಮ್ಮ ಸೀಮೆಗೊಂದು ನಿಸರ್ಗ ಫೋಟೋ ಗುಂಪು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಿಸರ್ಗದ ಫೋಟೋ ತೆಗೆಯುವ ನಮ್ಮ ಬಳಗ ಹುಟ್ಟಿದ್ದು ಫೋನಿನಲ್ಲಿ. ಈಗಲೂ ಜಾಸ್ತಿ ಮಾತು ಅಲ್ಲೇ ನಡೆಯುತ್ತದೆ. ಆದರೆ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ: "ಸರ್, ನಮ್ಮ ಕಡೆದು ಒಂದ್ ಗುಂಪು ಮಾಡೋಣೇನ್ರಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಬೆರಳು ಸೋತಿವೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ ಇವೆ, ಕೆಲವು ಎರಡೇ ಸಾಲು. ಪೆಟ್ಟು ತಿಂದು ಕಲಿತ ವಿಷಯ ಬಂದಾಗ ಜಾಸ್ತಿ ಬರೆದಿದ್ದೇನೆ.

ದೊಡ್ಡ ಬಳಗ ಇದೆಯಲ್ಲ, ಮತ್ತೆ ಸೀಮೆಗೊಂದು ಗುಂಪು ಯಾಕೆ?

ದೊಡ್ಡ ಬಳಗದಲ್ಲಿ ಫೋಟೋ ನೋಡಬಹುದು, ಜೊತೆಗೆ ಕೆರೆಗೆ ಹೋಗಲು ಆಗುವುದಿಲ್ಲ. ಮೈಸೂರಿನವರು ಹುಲಿ ಹಾಕುತ್ತಾರೆ, ಶಿರಸಿಯವರು ಮಂಗಟ್ಟೆ ಹಾಕುತ್ತಾರೆ. ನಡುವೆ ನಮ್ಮ ನರಗುಂದದ ಹುಡುಗ ಜೋಳದ ಹೊಲದ ಮೇಲೆ ತೇಲುತ್ತಿದ್ದ ಸೆಳೆವ ಎಂಬ ಬೇಟೆಹಕ್ಕಿಯ ಫೋಟೋ ಹಾಕಿದರೆ ಎರಡು ಚಪ್ಪಾಳೆ ಬಿದ್ದು ಮುಗಿಯುತ್ತದೆ. "ಯಾವ ಕಡೆ ಹೊಲ? ಗಂಡೋ ಹೆಣ್ಣೋ? ಹೋದ ವರ್ಷ ಎಳ್ಳ ಅಮಾವಾಸ್ಯೆ ಹೊತ್ತಿಗೆ ಇತ್ತಾ?" ಎಂದು ಕೇಳುವವರು ಆ ಹೊಲದ ದಾರಿ ತುಳಿದವರೇ ಆಗಿರಬೇಕು.

ಗಡಿ ಹೇಗೆ ಹಾಕುವುದು? ಜಿಲ್ಲೆಗೊಂದು ಗುಂಪು ಮಾಡಿದರೆ ಸಾಕಲ್ವಾ?

ನಾವೂ ಹಾಗೇ ಶುರು ಮಾಡಿದೆವು, ಕೆಟ್ಟೆವು. 1997ರವರೆಗೆ ಧಾರವಾಡ, ಗದಗ, ಹಾವೇರಿ ಮೂರೂ ಒಂದೇ ಜಿಲ್ಲೆ. ಆಮೇಲೆ ಗೆರೆ ಎಳೆದರು. ಆ ಗೆರೆ ಕಚೇರಿ ಕೆಲಸಕ್ಕೆ ಸರಿ. ಹಕ್ಕಿಗೆ ಗೊತ್ತಿಲ್ಲ, ಬೈಕಿಗೂ ಗೊತ್ತಿಲ್ಲ.

ಹಾವೇರಿ ಜಿಲ್ಲೆಯನ್ನೇ ನೋಡಿ. ಹಾನಗಲ್ ಕಡೆ ಅರೆಮಲೆನಾಡು, ಮಳೆ ಜಾಸ್ತಿ, ಭತ್ತದ ಗದ್ದೆ. ರಾಣೆಬೆನ್ನೂರಿನ ಕಡೆ ಒಣ ಬಯಲು, ಕುರುಚಲು ಗಿಡ, ಚಿಗರಿ ಅಂದರೆ ಕೃಷ್ಣಮೃಗ. ಹಾನಗಲ್ಲಿನ ಗೆಳೆಯನಿಗೆ ಕಲಘಟಗಿಯವರ ಜೊತೆ ಮಾತು ಕೂಡುತ್ತದೆ, ಯಾಕೆಂದರೆ ಇಬ್ಬರ ಕಾಡೂ ಒಂದೇ ತರಹ. ಅದೇ ರೀತಿ ನವಲಗುಂದ ಧಾರವಾಡ ಜಿಲ್ಲೆಗೆ ಸೇರಿದ್ದರೂ ಅಲ್ಲಿಯ ಎರೆ ನೆಲ, ಅಲ್ಲಿಯ ಹಕ್ಕಿ, ಅಲ್ಲಿಯ ಬಿಸಿಲು ಎಲ್ಲ ರೋಣ, ನರಗುಂದದ ಜೊತೆಗಿನದು. ಹಳಬರು ಅದನ್ನು ಬೆಳವಲ ಅಂತ ಸುಮ್ನೆ ಕರೆಯಲಿಲ್ಲ.

ಹಾಗಾಗಿ ಈಗ ನಮ್ಮ ಅಳತೆ ಒಂದೇ: ಸೂರ್ಯ ಹುಟ್ಟುವ ಮೊದಲು ಒಂದೇ ಜಾಗಕ್ಕೆ ಬಂದು ಸೇರಬಲ್ಲವರು ಒಂದು ಗುಂಪು. ಮನೆಯಿಂದ ಹೊರಟು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅದಕ್ಕಿಂತ ದೂರ ಇದ್ದರೆ ಮೊದಲ ತಿಂಗಳು ಉತ್ಸಾಹದಿಂದ ಬರುತ್ತಾರೆ, ಮೂರನೇ ತಿಂಗಳಿಂದ "ಸಾರಿ, ಇವತ್ತು ಆಗಲಿಲ್ಲ" ಎನ್ನುವ ಸಂದೇಶ ಬರುತ್ತದೆ. ಈ ಅಳತೆ ಹಿಡಿದ ಮೇಲೆ ನಮ್ಮಲ್ಲಿ ಗುಂಪುಗಳು ತಾವಾಗಿಯೇ ಬೇರೆ ಆದವು. ಧಾರವಾಡ-ಕಲಘಟಗಿ ಕಡೆಯವರದು ಒಂದು, ಬೆಳವಲದವರದು ಒಂದು, ಶಿರಹಟ್ಟಿ-ಮುಂಡರಗಿ-ಕಪ್ಪತಗುಡ್ಡದ ಸುತ್ತಿನವರದು ಒಂದು, ವರದಾ-ತುಂಗಭದ್ರೆಯ ದಂಡೆಯವರದು ಒಂದು.

ಹುಬ್ಬಳ್ಳಿ ಮತ್ತು ಧಾರವಾಡ ಒಂದೇ ಗುಂಪೋ, ಎರಡೋ?

ಈ ಪ್ರಶ್ನೆಗೆ ಉತ್ತರ ಕೊಟ್ಟು ಬದುಕಿದವರು ಕಡಿಮೆ! ನಡುವೆ ಇರುವುದು ಸುಮಾರು 20 ಕಿಲೋಮೀಟರ್, ಚಿಗರಿ ಬಸ್ಸು ಹತ್ತಿದರೆ ಬೇಗ ಬಂದುಬಿಡುತ್ತದೆ. ಆದರೆ ಬೆಳಗಿನ ಐದೂವರೆಗೆ ಟ್ರೈಪಾಡ್ ಹಿಡಿದು ಬಸ್ ಕಾಯುವುದು ಬೇರೆ ಮಾತು. ಉಣಕಲ್ ಕೆರೆಗೆ ದಿನಾ ವಾಕಿಂಗ್ ಬರುವವರು ಕೆಲಗೇರಿ ಕೆರೆಗೆ ವಾರಕ್ಕೊಮ್ಮೆಯೂ ಹೋಗುವುದಿಲ್ಲ.

ಮಾತುಕತೆಗೆ ಒಂದೇ ಗುಂಪು, ಬೆಳಗಿನ ಸುತ್ತಾಟಕ್ಕೆ ಎರಡು ತಂಡ ಎಂದು ಇಟ್ಟುಕೊಂಡಿದ್ದೇವೆ. ಹೆಸರಿನಲ್ಲಿ ಯಾವ ಊರು ಮೊದಲು ಬರಬೇಕು ಎಂದು ಒಂದು ವಾರ ಜಗಳ ಆಯಿತು. ಕೊನೆಗೆ ಊರಿನ ಹೆಸರೇ ಬೇಡ ಎಂದು ಒಂದು ಹಕ್ಕಿಯ ಹೆಸರಿಟ್ಟೆವು. ನೀವೂ ಹಾಗೇ ಮಾಡಿ, ಒಂದು ವಾರ ಉಳಿಯುತ್ತದೆ.

ಶುರು ಮಾಡಲು ಎಷ್ಟು ಜನ ಬೇಕು?

ನಾಲ್ಕು. ಮೂವರಾದರೆ ಒಬ್ಬರಿಗೆ ಜ್ವರ ಬಂದ ಭಾನುವಾರ ಉಳಿದ ಇಬ್ಬರೂ ಮಲಗಿಬಿಡುತ್ತಾರೆ.

ಮೇಲಿನ ಮಿತಿಯೂ ಇದೆ. ವಾಟ್ಸಾಪ್ ಗುಂಪಿನಲ್ಲಿ 1024 ಜನರನ್ನು ಸೇರಿಸಬಹುದು. ಸೇರಿಸಬಹುದು ಅಂತ ಸೇರಿಸಬೇಡಿ. ನಮ್ಮ ಮೊದಲ ಗುಂಪಿನಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಇದ್ದರು. ಶುಭೋದಯದ ಗುಲಾಬಿ ಹೂವು ದಿನಕ್ಕೆ ಮೂವತ್ತು ಬರುತ್ತಿತ್ತು, ಹಕ್ಕಿ ಎರಡು ಬರುತ್ತಿತ್ತು. ಕೆರೆ ದಂಡೆಗೆ ಬರುತ್ತಿದ್ದವರು ಮಾತ್ರ ಅದೇ ಆರು ಮಂದಿ. ಈಗ ಸುತ್ತಾಟಕ್ಕೆ ಒಮ್ಮೆ ಬಂದವರನ್ನು ಮಾತ್ರ ಗುಂಪಿಗೆ ಸೇರಿಸುತ್ತೇವೆ. ಬಾಗಿಲು ಫೋನಿನಲ್ಲಿಲ್ಲ, ಕೆರೆ ದಂಡೆಯಲ್ಲಿದೆ.

ಮೊದಲ ಭೇಟಿ ಎಲ್ಲಿ ಇಟ್ಟುಕೊಳ್ಳಬೇಕು?

ದೂರದ ದೊಡ್ಡ ಜಾಗಕ್ಕೆ ಹೋಗಬೇಡಿ. "ಮೊದಲ ಸಲ ದಾಂಡೇಲಿಗೆ ಹೋಗೋಣ" ಎಂದವರ ಗುಂಪು ಅದೇ ದಾಂಡೇಲಿಯಲ್ಲಿ ಮುಗಿದಿದ್ದನ್ನು ನೋಡಿದ್ದೇನೆ. ಗಾಡಿ, ರೂಮು, ಊಟ, ಲೆಕ್ಕ, ಆಮೇಲೆ ಲೆಕ್ಕದ ಜಗಳ. ಮನೆ ಹತ್ತಿರದ ಒಂದು ಕೆರೆ ಹಿಡಿಯಿರಿ. ಧಾರವಾಡದವರಿಗೆ ಕೆಲಗೇರಿ, ಹುಬ್ಬಳ್ಳಿಯವರಿಗೆ ಉಣಕಲ್, ಹಾವೇರಿಯವರಿಗೆ ಹೆಗ್ಗೇರಿ. ಶಿಗ್ಗಾವಿ ಕಡೆಯವರಿಗೆ ಬಂಕಾಪುರದ ಕೋಟೆಯೇ ಇದೆ, ನವಿಲಿಗೆ ಬೇರೆ ಎಲ್ಲೂ ಹೋಗಬೇಕಾಗಿಲ್ಲ.

ಶಿರಹಟ್ಟಿ, ಲಕ್ಷ್ಮೇಶ್ವರದವರು ಪುಣ್ಯವಂತರು. ಅವರ ಮನೆ ಹಿಂದೆಯೇ ಮಾಗಡಿ ಕೆರೆ. ಸುಮಾರು 134 ಎಕರೆಯ ಈ ಕೆರೆಯನ್ನು ಕಟ್ಟಿದ್ದು ಹೊಲಕ್ಕೆ ನೀರುಣಿಸಲು. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮಟ್ಟದಲ್ಲಿ ಕಾಪಾಡಬೇಕಾದ ನೀರಿನ ತಾಣ. ಚಳಿಗಾಲದಲ್ಲಿ ಪಟ್ಟೆತಲೆ ಬಾತುಗಳು ಹಿಮಾಲಯ ದಾಟಿ ಬಂದು ಇಲ್ಲಿ ಇಳಿಯುತ್ತವೆ. ಬಿಳಿ ತಲೆ, ಹಿಂದೆ ಎರಡು ಕಪ್ಪು ಗೆರೆ, ಹುಡುಗರ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ. ಹೊಲಕ್ಕೆ ಮೇಯಲು ಹೋಗಿ ನೀರಿಗೆ ಮರಳುವಾಗ ಮೊದಲು ಸದ್ದು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಹೊಸಬರು ಸದ್ದು ಕೇಳಿದ ಕೂಡಲೇ ಎದ್ದು ನಿಲ್ಲುತ್ತಾರೆ. ಎದ್ದು ನಿಂತರೆ ಸಾಲು ಅಲ್ಲೇ ತಿರುಗುತ್ತದೆ. ಕೂತೇ ಇರಬೇಕು.

ಅಲ್ಲಿ ಒಂದು ಕೆಲಸ ಮಾಡಿ. ಬಾತುಗಳ ಕುತ್ತಿಗೆ ನೋಡಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಬಣ್ಣದ ಪಟ್ಟಿ ಹಾಕಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದುವ ಹಾಗೆ ಒಂದು ಫೋಟೋ ಸಿಕ್ಕರೆ, ಅದು ಚಂದ ಇಲ್ಲದಿದ್ದರೂ ಪರವಾಗಿಲ್ಲ, ಸಂಜೆ ಬೆಳಕಿನ ನೂರು ಚಂದದ ಫೋಟೋಗಿಂತ ಅದರ ತೂಕ ಜಾಸ್ತಿ. ನಾಲ್ಕು ಜನ ನಾಲ್ಕು ದಿಕ್ಕಿನಲ್ಲಿ ಕೂತರೆ ಇಂಥದ್ದು ಸಿಗುವ ಸಾಧ್ಯತೆ ಹೆಚ್ಚು. ಗುಂಪು ಬೇಕಾಗುವುದು ಇದಕ್ಕೇ.

ಎಷ್ಟು ಹೊತ್ತಿಗೆ ಸೇರಬೇಕು?

ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ. ಆರೂವರೆಗೆ ದಂಡೆಯಲ್ಲಿದ್ದರೆ ಸಾಕು. ಮೇ ತಿಂಗಳಲ್ಲಿ ಆರಕ್ಕೇ ಬೆಳಕು ಬಿದ್ದಿರುತ್ತದೆ, ಎಂಟೂವರೆಗೆಲ್ಲ ಬಿಸಿಲು ಚುಚ್ಚುತ್ತದೆ. ಆಗ ಕ್ಯಾಮೆರಾ ಒಳಗಿಟ್ಟು ಗಿರ್ಮಿಟ್ಟು, ಮಿರ್ಚಿ ಕಡೆ ನಡೆಯುವುದು ಒಳ್ಳೆಯದು. ನಗಬೇಡಿ. ನಮ್ಮ ಗುಂಪಿನ ಅರ್ಧ ನಿರ್ಧಾರಗಳು ಗಿರ್ಮಿಟ್ಟಿನ ತಟ್ಟೆ ಮುಂದೆ ಆಗಿವೆ.

ರಾಣೆಬೆನ್ನೂರಿನ ಅಭಯಾರಣ್ಯಕ್ಕೆ, ಕಪ್ಪತಗುಡ್ಡಕ್ಕೆ ಗುಂಪಾಗಿ ಹೋಗಲು ಪರವಾನಗಿ ಬೇಕಾ?

ಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಆಗಿದ್ದು 1974ರಲ್ಲಿ, ವಿಸ್ತಾರ 119 ಚದರ ಕಿಲೋಮೀಟರ್. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಯಿತು, ಸುಮಾರು 244 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಜಾಗದೊಳಗೆ ಹೋಗಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಒಪ್ಪಿಗೆ ಯಾವ ಕಾರಣಕ್ಕೆ ಕೊಡಬಹುದು ಎನ್ನುವ ಪಟ್ಟಿಯಲ್ಲಿ ಫೋಟೋಗ್ರಫಿಯೂ ಇದೆ, ಅಂದರೆ ಕೇಳಿದರೆ ದಾರಿ ಇದೆ. ವಲಯ ಅರಣ್ಯ ಕಚೇರಿಗೆ ಹೋಗಿ ಯಾರು, ಎಷ್ಟು ಜನ, ಯಾವ ದಿನ, ಯಾವ ಗಾಡಿ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ.

ಕಪ್ಪತಗುಡ್ಡದಲ್ಲಿ ದೇವಸ್ಥಾನ, ಮಠಕ್ಕೆ ಹೋಗುವ ದಾರಿ ಇದೆ. ಜನ ಹೋಗುತ್ತಲೇ ಇರುತ್ತಾರೆ. ಆ ದಾರಿ ಬಿಟ್ಟು ಗುಡ್ಡದೊಳಗೆ ನುಗ್ಗಿ "ನಾವು ದರ್ಶನಕ್ಕೆ ಬಂದವರು" ಅಂದರೆ ಯಾರೂ ನಂಬುವುದಿಲ್ಲ, ಹೆಗಲ ಮೇಲೆ ಮೊಳದುದ್ದ ಲೆನ್ಸ್ ಇದ್ದಾಗಂತೂ ಇಲ್ಲ. ಡ್ರೋನ್ ತರಲೇಬೇಡಿ.

ಚಿಗರಿಗಾದರೆ ಒಂದು ಉಪಾಯ ಇದೆ. ಅಭಯಾರಣ್ಯದ ಹೊರಗಿನ ಹೊಲಗಳಿಗೂ ಅವು ಬರುತ್ತವೆ. ರಸ್ತೆ ಪಕ್ಕ ಗಾಡಿ ನಿಲ್ಲಿಸಿ, ಗಾಡಿಯೊಳಗೇ ಕೂತು ತೆಗೆಯಿರಿ. ಇಳಿದರೆ ಓಡುತ್ತವೆ, ಓಡಿದರೆ ಬೆಳೆ ತುಳಿಯುತ್ತವೆ. ಆ ರೈತನಿಗೆ ಚಿಗರಿಯ ಮೇಲೆ ಮೊದಲೇ ಸಿಟ್ಟು ಇರುತ್ತದೆ. ನಾವು ಉಪ್ಪು ಸವರುವುದು ಬೇಡ.

ಹೊಲದವರು ಬೈದರೆ ಏನು ಮಾಡುವುದು?

ಬೈಸಿಕೊಳ್ಳಿ. ನಮ್ಮದೇ ತಪ್ಪಿರುತ್ತದೆ.

ಅಣ್ಣಿಗೇರಿ ಹತ್ತಿರ ಒಂದು ಚಳಿಗಾಲದ ಬೆಳಗ್ಗೆ ಸೆಳೆವದ ಹಿಂದೆ ಬಿದ್ದು ನಾನು ಕಡಲೆ ಹೊಲಕ್ಕೆ ಇಳಿದಿದ್ದೆ. ಕಣ್ಣು ಮೇಲೆ, ಕಾಲು ಗಿಡದ ಮೇಲೆ. "ಏ ತಮ್ಮಾ, ಹಕ್ಕಿ ಮ್ಯಾಲ ಐತಿ, ನೀ ಯಾಕ ನನ್ನ ಕಡ್ಲ್ಯಾಗ ಬಂದಿ?" ಎಂಬ ದನಿ ಬಂತು. ತಿರುಗಿ ನೋಡಿದರೆ ವಯಸ್ಸಾದ ಅವ್ವ ಒಬ್ಬಳು. ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ ಹುಳಿ ಹಿಡಿಯುತ್ತಿದ್ದಳು. ಇಬ್ಬನಿಯಲ್ಲಿ ನೆನೆದ ಬಟ್ಟೆಯನ್ನು ಪಾತ್ರೆಗೆ ಹಿಂಡುತ್ತಾರಲ್ಲ, ಆ ಹುಳಿ. ನಾನು ತುಳಿದ ಸಾಲಿನ ಇಬ್ಬನಿ ಎಲ್ಲ ನನ್ನ ಪ್ಯಾಂಟಿಗೆ ಬಂದಿತ್ತು. "ತಪ್ಪಾತು ಯವ್ವಾ" ಅಂದೆ. ಬದುವಿನ ಮೇಲೆ ಕೂರಿಸಿ ಅರ್ಧ ರೊಟ್ಟಿ ಕೊಟ್ಟಳು. ಆ ದಿನ ಸೆಳೆವ ಸಿಗಲಿಲ್ಲ, ಆದರೆ ಅವು ಸಂಜೆ ಯಾವ ಬೀಳು ಹೊಲದಲ್ಲಿ ಇಳಿಯುತ್ತವೆ ಎನ್ನುವುದು ಅವಳಿಂದಲೇ ಗೊತ್ತಾಯಿತು.

ಆವತ್ತಿನಿಂದ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಬದು ಬಿಟ್ಟು ಇಳಿಯುವುದಿಲ್ಲ. ಹೊಲದವರು ಕಂಡರೆ ಮೊದಲು ಮಾತು, ಆಮೇಲೆ ಕ್ಯಾಮೆರಾ. ಅವರು ಒಪ್ಪಿದರೆ ಎತ್ತಿನ ಜೊತೆ ಅವರದೂ ಒಂದು ಫೋಟೋ ತೆಗೆದು, ಮುಂದಿನ ಸಲ ಪ್ರಿಂಟ್ ಹಾಕಿಸಿ ಒಯ್ಯುತ್ತೇವೆ. ಫೋನಿಗೆ ಕಳಿಸಿದರೆ ಸಾಲದು, ಪ್ರಿಂಟೇ ಆಗಬೇಕು. ಗೋಡೆ ಮೇಲೆ ನಮ್ಮ ಫೋಟೋ ಇರುವ ಮನೆಯವರು ನಮ್ಮನ್ನು ಬೈಯುವುದಿಲ್ಲ.

ಫೋಟೋ ಹಾಕುವಾಗ ಜಾಗದ ಹೆಸರು ಹೇಳಬೇಕಾ?

ಎಲ್ಲರಿಗೂ ಗೊತ್ತಿರುವ ಕೆರೆ, ಸಾಮಾನ್ಯ ಹಕ್ಕಿ ಆದರೆ ಹೇಳಿ. ಗೂಡು, ಮರಿ, ಗೂಬೆ, ತೋಳ, ಕತ್ತೆಕಿರುಬದ ಗವಿ ಆದರೆ ಹೇಳಲೇಬೇಡಿ. ಗುಂಪಿನೊಳಗೂ ಹೇಳಬೇಡಿ.

ಇದು ಪುಸ್ತಕದ ಮಾತಲ್ಲ. ಕೆಲವು ವರ್ಷದ ಹಿಂದೆ ಧಾರವಾಡದ ಹೊರಗಿನ ಒಂದು ಹಳೇ ಕಲ್ಲಿನ ಕ್ವಾರಿಯಲ್ಲಿ ಕೊಂಬಿನ ಗೂಬೆ ಕಂಡೆ. ಅದು ಗೂಡು ಕಟ್ಟುವುದಿಲ್ಲ, ಬಂಡೆಯ ಚಾಚಿನ ಮೇಲೆ ನೆಲಕ್ಕೇ ಮೊಟ್ಟೆ ಇಡುತ್ತದೆ. ಎರಡು ಮರಿ ಇದ್ದವು, ಹತ್ತಿಯ ಉಂಡೆಯ ಹಾಗೆ. ದೂರದಿಂದ ನಾಲ್ಕು ಫೋಟೋ ತೆಗೆದು ಬಂದೆ. ರಾತ್ರಿ ಹಾಕಿದೆ. ಊರಿನ ಹೆಸರು ಬರೆಯಲಿಲ್ಲ, ಬಹಳ ಜಾಣನಾದೆ ಅಂದುಕೊಂಡೆ. ಆದರೆ ಫೋಟೋದ ಮೂಲೆಯಲ್ಲಿ, ಮಸುಕಾಗಿ, ಒಂದು ನೀರಿನ ಟ್ಯಾಂಕು ಬಿದ್ದಿತ್ತು. ಆ ಕಡೆ ಓಡಾಡುವವರಿಗೆ ಆ ಟ್ಯಾಂಕು ಸಾಕಿತ್ತು. ಮುಂದಿನ ಭಾನುವಾರ ಹೋದರೆ ಒಂಬತ್ತು ಬೈಕು, ಎರಡು ಕಾರು. ಒಬ್ಬರು ಟಾರ್ಚ್ ಬಿಡುತ್ತಿದ್ದರು, ಇನ್ನೊಬ್ಬರು ಅದು ಕಣ್ಣು ಬಿಡಲಿ ಎಂದು ಚಪ್ಪಾಳೆ ತಟ್ಟುತ್ತಿದ್ದರು. ಅದರ ಮುಂದಿನ ವಾರ ಚಾಚಿನ ಮೇಲೆ ಒಂದೇ ಮರಿ ಇತ್ತು. ಇನ್ನೊಂದಕ್ಕೆ ಏನಾಯಿತೋ. ಆ ಫೋಟೋವನ್ನು ಅಳಿಸಿದ್ದೇನೆ, ಆದರೆ ನನ್ನ ಹಾರ್ಡ್ ಡಿಸ್ಕಿನಲ್ಲಿ ಇದೆ, ಟ್ಯಾಂಕಿನ ಸಮೇತ. ಹೊಸಬರು ಬಂದಾಗ ತೋರಿಸುತ್ತೇನೆ.

ಈಗ ಮಾಡುವುದಿಷ್ಟು. ಗೂಡಿನ ಫೋಟೋ ಗುಂಪಿನಲ್ಲಿ ಹಾಕುವುದೇ ಇಲ್ಲ. ಬೇರೆ ಸೂಕ್ಷ್ಮ ಫೋಟೋ ಆದರೆ ಋತು ಮುಗಿದ ಮೇಲೆ, ಹಿನ್ನೆಲೆ ಕತ್ತರಿಸಿ ಹಾಕುತ್ತೇವೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಉಳಿಸುವ ಆಯ್ಕೆ ಆಫ್ ಮಾಡಿರುತ್ತೇವೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಕಳಚಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. "ಕ್ವಾಲಿಟಿ ಹೋಗಬಾರದು ಸರ್" ಎಂದು ಡಾಕ್ಯುಮೆಂಟ್ ಕಳಿಸುವವರೇ ಗೊತ್ತಿಲ್ಲದೆ ಗವಿಯ ವಿಳಾಸವನ್ನೂ ಕಳಿಸಿಬಿಡುತ್ತಾರೆ.

ದಾಖಲೆಗೆ ಹಾಕಬೇಕಾದರೆ, ಕಂಡ ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ. ಆಗ ಅದು ಹೆಚ್ಚು ಕಡಿಮೆ 20 ಕಿಲೋಮೀಟರಿನ ಚೌಕದಲ್ಲಿ ಎಲ್ಲೋ ಒಂದು ಚುಕ್ಕೆ ತೋರಿಸುತ್ತದೆ. ಹುಬ್ಬಳ್ಳಿಯಲ್ಲಿ ಹುಡುಕಬೇಕೋ ಧಾರವಾಡದಲ್ಲೋ ಗೊತ್ತಾಗುವುದಿಲ್ಲ.

ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಬರಬಹುದಾ?

ಬನ್ನಿ. ಹಾರುವ ಬಾತು ಸಿಗದಿರಬಹುದು. ಜೇಡ, ಹೂವು, ಚಿಟ್ಟೆ, ಗೀಜಗನ ಗೂಡು ನೇತಾಡುವ ಜಾಲಿ ಗಿಡ, ಕೆರೆಯ ನೀರು ಎಲ್ಲಿಯವರೆಗೆ ಇಳಿದಿದೆ ಎನ್ನುವ ಚಿತ್ರ, ಇವೆಲ್ಲ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತವೆ. ಗೀಜಗನ ಗೂಡಿಗೆ ಮಾತ್ರ ಹತ್ತಿರ ಹೋಗಬೇಡಿ, ಮೇಲೆ ಹೇಳಿದ್ದು ಅದಕ್ಕೂ ಸೇರುತ್ತದೆ.

ದೊಡ್ಡ ಲೆನ್ಸ್ ಇದ್ದವರು ಮುಂದಿನ ಸಾಲು, ಮೊಬೈಲಿನವರು ಹಿಂದಿನ ಸಾಲು ಎಂದಾದರೆ ಆ ಗುಂಪು ಬಿಟ್ಟು ಬನ್ನಿ. ನಮ್ಮಲ್ಲಿ ಮುಂದೆ ಕೂರುವವರು ಯಾರೆಂದರೆ, ಸುಮ್ಮನೆ ಕೂರಬಲ್ಲವರು.

ಹೆಸರು ಹೇಳುವುದು ಯಾವ ಭಾಷೆಯಲ್ಲಿ? ನನಗೆ ಇಂಗ್ಲಿಷ್ ಹೆಸರು ಬರುವುದಿಲ್ಲ.

ಬರದಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಊರಲ್ಲಿ ಏನು ಕರೆಯುತ್ತಾರೋ ಅದನ್ನೇ ಮೊದಲು ಬರೆಯಿರಿ, ಪಕ್ಕದಲ್ಲಿ ಊರಿನ ಹೆಸರು ಹಾಕಿ. ಪುಸ್ತಕದ ಹೆಸರನ್ನು ಇನ್ನೊಬ್ಬರು ಸೇರಿಸುತ್ತಾರೆ. ಕೃಷ್ಣಮೃಗ ಅನ್ನುವುದು ಬೋರ್ಡಿನ ಮೇಲಿನ ಹೆಸರು, ನಮಗೆ ಅದು ಚಿಗರಿ. ಅವಳಿ ನಗರದ ಬಸ್ಸಿಗೂ ಅದೇ ಹೆಸರು, ನೋಡಿ. ಗೂಬೆ ನಮಗೆ ಗೂಗಿ. ಎರೆಭೂತ ಎಂದರೆ ಇವತ್ತಿನ ಹುಡುಗರು ದೆವ್ವ ಅಂದುಕೊಳ್ಳುತ್ತಾರೆ. ಎರೆ ನೆಲದಲ್ಲಿ ಓಡಾಡುತ್ತಿದ್ದ, ಸುಮಾರು ಒಂದು ಮೀಟರ್ ಎತ್ತರದ ದೊಡ್ಡ ಹಕ್ಕಿ ಅದು. ಒಂದು ಕಾಲಕ್ಕೆ ರಾಣೆಬೆನ್ನೂರಿನ ಬಯಲಿನಲ್ಲೂ ಇತ್ತು. ಹಕ್ಕಿ ಹೋಯಿತು, ಹೆಸರು ಇನ್ನೂ ಕೆಲವು ಅಜ್ಜಂದಿರ ಬಾಯಲ್ಲಿದೆ. ಅಂಥ ಅಜ್ಜ ಸಿಕ್ಕರೆ ಕ್ಯಾಮೆರಾ ಕೆಳಗಿಟ್ಟು ಫೋನಿನ ರೆಕಾರ್ಡರ್ ಹಚ್ಚಿ, ಅವರನ್ನು ಕೇಳಿಕೊಂಡೇ.

ಗುಂಪು ನಡೆಸುವವರು ಯಾರು? ಅಡ್ಮಿನ್ ಎಷ್ಟು ಜನ ಇರಬೇಕು?

ಇಬ್ಬರು. ಒಬ್ಬರೇ ಇದ್ದರೆ ಮಾಲೀಕರಾಗುತ್ತಾರೆ, ಐದು ಜನ ಇದ್ದರೆ ಪಂಚಾಯ್ತಿ ಆಗುತ್ತದೆ. ಒಬ್ಬರು ಸುತ್ತಾಟದ ದಿನ, ಜಾಗ ನೋಡಿಕೊಳ್ಳಲಿ. ಇನ್ನೊಬ್ಬರು ಗುಂಪಿನ ಮಾತು ನೋಡಿಕೊಳ್ಳಲಿ. ವರ್ಷಕ್ಕೊಮ್ಮೆ ಇಬ್ಬರನ್ನೂ ಬದಲಿಸಿ, ಯಾರಿಗೂ ಬೇಜಾರಾಗದ ಹಾಗೆ ಯುಗಾದಿಗೆ ಬದಲಿಸಿದರಾಯಿತು. ಮೊದಲ ಎರಡು ವರ್ಷ ಎಲ್ಲ ನಾನೇ ಮಾಡಿದೆ. ಕೊನೆಗೆ ಭಾನುವಾರ ಬಂತೆಂದರೆ ಫೋನ್ ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಫೋಟೋ ತೆಗೆಯುವುದೇ ನಿಂತಿತ್ತು.

ಎಲ್ಲ ಗುಂಪುಗಳನ್ನೂ ಜೋಡಿಸಲು ವಾಟ್ಸಾಪಿನ ಕಮ್ಯುನಿಟಿ ಸೌಲಭ್ಯ ಸಾಕು. ಮೇಲೆ ಒಂದು ಪ್ರಕಟಣೆಯ ಜಾಗ, ಕೆಳಗೆ ಸೀಮೆಯ ಗುಂಪುಗಳು. ಮೇಲಿನವರು ಕೆಳಗಿನವರಿಗೆ ನಿಯಮ ಕಳಿಸುತ್ತ ಕೂರಬಾರದು, ಅಷ್ಟೇ. ಗೂಡು ಮತ್ತು ಜಾಗದ ನಿಯಮ ಎಲ್ಲರಿಗೂ ಒಂದೇ. ಉಳಿದದ್ದು ಅವರವರ ಕೆರೆ, ಅವರವರ ರೀತಿ.

ಹೆಣ್ಣುಮಕ್ಕಳು ಬರುತ್ತಾರಾ? ಮನೆಯವರಿಗೆ ಏನು ಹೇಳುವುದು?

ಬರುತ್ತಾರೆ, ಆದರೆ ಸುಮ್ನೆ "ಎಲ್ಲರಿಗೂ ಸ್ವಾಗತ" ಎಂದು ಬರೆದರೆ ಬರುವುದಿಲ್ಲ. ಕತ್ತಲಲ್ಲಿ, ಗುರುತಿಲ್ಲದ ಗಂಡಸರ ಜೊತೆ, ಊರ ಹೊರಗಿನ ಕೆರೆಗೆ ಯಾರು ಕಳಿಸುತ್ತಾರೆ, ನೀವೇ ಹೇಳಿ? ನಮ್ಮಲ್ಲಿ ಒಬ್ಬ ಶಿಕ್ಷಕಿ ಅಕ್ಕೋರು ಬಂದ ಮೇಲೆ ಇದು ಬದಲಾಯಿತು. ಅವರು ಮೂರು ಮಾತು ಹೇಳಿದರು. ಸೇರುವ ಜಾಗ ಬಸ್ ನಿಲ್ದಾಣ ಅಥವಾ ದೇವಸ್ಥಾನದ ಮುಂದೆ ಇರಲಿ, ಕೆರೆ ದಂಡೆಯಲ್ಲಿ ಬೇಡ. ಯಾರು ಯಾರು ಬರುತ್ತಾರೆ ಎನ್ನುವ ಪಟ್ಟಿ ಹಿಂದಿನ ರಾತ್ರಿಯೇ ಗುಂಪಿನಲ್ಲಿ ಬರಲಿ. ಶೌಚಾಲಯ ಹತ್ತಿರ ಎಲ್ಲಿದೆ ಎಂದು ಮೊದಲೇ ತಿಳಿಸಿ. ಮೂರನೆಯದು ನಮ್ಮ ಗಂಡಸರ ತಲೆಗೆ ಹೊಳೆದೇ ಇರಲಿಲ್ಲ. ಈಗ ಸುತ್ತಾಟದ ಸಂದೇಶದಲ್ಲಿ ಸಮಯದ ಪಕ್ಕದಲ್ಲೇ ಅದನ್ನೂ ಬರೆಯುತ್ತೇವೆ. ಸದಸ್ಯರ ನಂಬರ್ ತೆಗೆದುಕೊಂಡು ಖಾಸಗಿಯಾಗಿ ಸಂದೇಶ ಕಳಿಸುವವರನ್ನು ಎರಡನೇ ಮಾತಿಲ್ಲದೆ ಹೊರಗೆ ಹಾಕುತ್ತೇವೆ.

ಗುಂಪನ್ನು ನೋಂದಣಿ ಮಾಡಿಸಬೇಕಾ? ಚಂದಾ ಎತ್ತಬೇಕಾ?

ಎರಡೂ ಬೇಡ, ಕನಿಷ್ಠ ಮೊದಲ ಮೂರು ವರ್ಷ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರಡಿ ಸಂಘ ಮಾಡಲು ಕನಿಷ್ಠ ಏಳು ಜನ ಬೇಕು. ಆಮೇಲೆ ಪ್ರತಿ ವರ್ಷ ಲೆಕ್ಕ, ಸಭೆ, ಕಾಗದ. ಪ್ರದರ್ಶನ ಮಾಡುತ್ತೀರಿ, ದೇಣಿಗೆ ಬರುತ್ತದೆ ಎಂದಾದರೆ ಯೋಚಿಸಿ. ಚಹಾ ಕುಡಿಯಲು ನೋಂದಣಿ ಬೇಕಾಗಿಲ್ಲ. ಪೆಟ್ರೋಲ್ ಹಂಚಿಕೊಳ್ಳಿ, ಆವತ್ತಿನದು ಆವತ್ತೇ ಮುಗಿಸಿ.

ನಾನು ಗುಂಪಿನಲ್ಲಿ ಹಾಕಿದ ಫೋಟೋ ಬೇರೆಯವರ ಕ್ಯಾಲೆಂಡರಿನಲ್ಲಿ ಬಂತು. ಏನು ಮಾಡಲಿ?

ಫೋಟೋ ತೆಗೆದವರದೇ ಹಕ್ಕು. ಗುಂಪಿನದಲ್ಲ, ಅಡ್ಮಿನ್‌ದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಫೋಟೋದ ಹಕ್ಕು ತೆಗೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆದರೆ ಎಲ್ಲದಕ್ಕೂ ವಕೀಲರ ಬಾಗಿಲು ತಟ್ಟುವ ಮೊದಲು ಒಂದು ಫೋನ್ ಮಾಡಿ. ನನ್ನ ನವಿಲು ಒಂದು ಅಂಗಡಿಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ತಿಂಗಳಿಗೆ ಕೂತಿತ್ತು. ಫೋನ್ ಮಾಡಿದರೆ "ಅಯ್ಯೋ ಸರ್, ಪ್ರಿಂಟಿಂಗಿನವರು ಹಾಕಿದ್ದು" ಅಂದರು. ಹಣ ಬರಲಿಲ್ಲ, ಎರಡು ಕ್ಯಾಲೆಂಡರ್ ಬಂತು. ಅಂದಿನಿಂದ ಗುಂಪಿಗೆ ಚಿಕ್ಕ ಅಳತೆಯ ಫೋಟೋ ಮಾತ್ರ ಹಾಕುತ್ತೇನೆ. ದೊಡ್ಡದು ನನ್ನಲ್ಲೇ ಇರುತ್ತದೆ.

ಎರಡು ಗುಂಪಿನಲ್ಲಿ ಇರಬಹುದಾ?

ಇರಬಹುದು. ಗದಗಿನಲ್ಲಿ ಮನೆ, ಹುಬ್ಬಳ್ಳಿಯಲ್ಲಿ ನೌಕರಿ ಇದ್ದವರು ಏನು ಮಾಡಬೇಕು ಪಾಪ. ಒಂದು ಗುಂಪಿನ ಮಾತನ್ನು ಇನ್ನೊಂದಕ್ಕೆ ಹೊತ್ತು ಹಾಕಬೇಡಿ, ಅಷ್ಟು ಸಾಕು.

ಚಳಿಗಾಲ ಮುಗಿದ ಮೇಲೆ ಗುಂಪು ತಣ್ಣಗಾಗುತ್ತದೆ. ಏನು ಮಾಡುವುದು?

ಎಲ್ಲ ಕಡೆಯೂ ಇದೇ ಕಥೆ. ಬಾತು ಹೋದವು, ಮಂದಿಯೂ ಹೋದರು. ಇದಕ್ಕೆ ನನಗೆ ತಿಳಿದ ಮದ್ದು ಒಂದೇ, ಒಂದು ಕೆರೆಯನ್ನು ಹನ್ನೆರಡು ತಿಂಗಳೂ ಬಿಡದೆ ನೋಡುವುದು. ತಿಂಗಳ ಎರಡನೇ ಭಾನುವಾರ, ಅದೇ ಕೆರೆ, ಅದೇ ಕಲ್ಲಿನ ಮೇಲೆ ನಿಂತು ಮೊದಲು ಒಂದು ಫೋಟೋ. ಆಮೇಲೆ ಬೇಕಾದ್ದು ತೆಗೆಯಿರಿ. ವರ್ಷದ ಕೊನೆಗೆ ಹನ್ನೆರಡು ಫೋಟೋ ಸಾಲಾಗಿ ಇಟ್ಟರೆ ನೀರು ಇಳಿದಿದ್ದು, ಜೊಂಡು ಬೆಳೆದಿದ್ದು, ದಂಡೆಗೆ ಯಾರೋ ಮಣ್ಣು ಸುರಿದಿದ್ದು ಎಲ್ಲ ಕಾಣುತ್ತದೆ. ಮೇ ತಿಂಗಳಲ್ಲಿ ಒಡೆದ ಕೆಸರಿನ ಮೇಲೆ ಟಿಟ್ಟಿಭ ಕೂಗುತ್ತ ಬೆನ್ನಟ್ಟುತ್ತದೆ. ಆಗ ಹಿಂದೆ ಸರಿಯಿರಿ, ಹತ್ತಿರದಲ್ಲೇ ಮೊಟ್ಟೆ ಇರುತ್ತದೆ. ಜೂನಿನಲ್ಲಿ ಮಳೆ ಬಿದ್ದ ರಾತ್ರಿ ಕಪ್ಪೆಗಳ ಸಂತೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಕ್ಯಾಮೆರಾ ಒಯ್ಯಿರಿ. ಮನೆಯವರೆಲ್ಲ ಇರುತ್ತಾರೆ, ಬುತ್ತಿಯೂ ಇರುತ್ತದೆ.

ಜೊತೆಗೆ ಎಣಿಕೆಯ ದಿನಗಳಿವೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ, ಫೆಬ್ರುವರಿಯಲ್ಲಿ ನಾಲ್ಕು ದಿನದ ಹಿತ್ತಲ ಹಕ್ಕಿ ಎಣಿಕೆ, ಅದೇ ದಿನಗಳಲ್ಲಿ ಕಾಲೇಜು ಆವರಣಗಳ ಹಕ್ಕಿ ಎಣಿಕೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯದ ಅಷ್ಟು ದೊಡ್ಡ ಹಸಿರು ಆವರಣಗಳಿರುವಾಗ ವಿದ್ಯಾರ್ಥಿಗಳನ್ನು ಜೊತೆ ಮಾಡಿಕೊಳ್ಳದಿರುವುದು ನಮ್ಮ ಸೋಮಾರಿತನ. ಫೋಟೋ ತೆಗೆಯುವವರಿಗೆ ಎಣಿಸುವುದು ಬೇಜಾರು ಎಂದು ಗೊತ್ತು. ಒಬ್ಬರು ಎಣಿಸಿ, ಒಬ್ಬರು ಬರೆದುಕೊಳ್ಳಿ, ಉಳಿದವರು ತೆಗೆಯಲಿ.

ನಮ್ಮ ಊರಿನ ಕಡೆ ಗುಂಪಿಲ್ಲ. ನಾನೇ ಶುರು ಮಾಡಬೇಕೆಂದಿದ್ದೇನೆ. ಈಗ ಏನು ಮಾಡಲಿ?

ನಮಗೆ ಮೂರು ವಿಷಯ ಕಳಿಸಿ. ನೀವು ತಿಂಗಳಿಗೊಮ್ಮೆಯಾದರೂ ತಪ್ಪದೆ ಹೋಗಬಲ್ಲ ಒಂದು ಕೆರೆ ಅಥವಾ ಗುಡ್ಡದ ಹೆಸರು. ಅಲ್ಲಿಗೆ ಮುಕ್ಕಾಲು ಗಂಟೆಯಲ್ಲಿ ಬರಬಲ್ಲ ಇನ್ನೊಬ್ಬರು ಯಾರಾದರೂ ಇದ್ದರೆ ಅವರ ಊರು. ಆ ಜಾಗದಲ್ಲಿ ನೀವೇ ತೆಗೆದ ಒಂದು ಫೋಟೋ, ಮಸುಕಾಗಿದ್ದರೂ ನಡೆಯುತ್ತದೆ. ಗುಂಪಿನ ಹೆಸರು, ಲೋಗೋ, ಟೀಶರ್ಟಿನ ಬಣ್ಣ ಕಳಿಸಬೇಡಿ. ಹೋದ ವರ್ಷ ಲೋಗೋ ಕಳಿಸಿದ ಮೂರು ಗುಂಪುಗಳು ಇನ್ನೂ ಕೆರೆ ನೋಡಿಲ್ಲ. ಮೊದಲ ಭಾನುವಾರಕ್ಕೆ ನಮ್ಮಲ್ಲಿ ಒಬ್ಬರು ನಿಮ್ಮ ಕೆರೆಗೆ ಬರುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ ನಿಮ್ಮದು.